ಆಪ್ಷನ್ ಎಂಟ್ರಿ ನನ್ನ ಕೈಯಲ್ಲಿ ಮಾಡಿಸಬೇಡಿ

ತಿಪಟೂರಿನಲ್ಲಿ ಸೈಬರ್ ಸೆಂಟರ್ ಇಟ್ಟುಕೊಂಡವನು ಹೀಗೆ ಹೇಳುವುದು ಅಂದರೆ ತನ್ನ ಹೊಟ್ಟೆ ಮೇಲೆ ತಾನೇ ಹೊಡೆದುಕೊಂಡ ಹಾಗೆ. ಆದರೂ ಹೇಳುತ್ತೇನೆ. ಸಿಇಟಿ ಸೀಸನ್ ಬಂತು ಅಂದರೆ ನನ್ನ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಅಪ್ಲಿಕೇಶನ್ ತುಂಬುವುದು, ಫೋಟೋ ಸೈಜ್ ಕಮ್ಮಿ ಮಾಡುವುದು, ಜಾತಿ-ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಹಾಕುವುದು, ಚಲನ್ ಪ್ರಿಂಟ್ ತೆಗೆಯುವುದು, ಇದೆಲ್ಲ ನನ್ನ ಕೆಲಸ. ಮಾಡಿಕೊಡುತ್ತೇನೆ, ದುಡ್ಡೂ ತಗೊಳ್ಳುತ್ತೇನೆ. ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು, ಯಾವ ಬ್ರಾಂಚ್ ಬೇಕು ಅಂತ ಕ್ರಮವಾಗಿ ಪಟ್ಟಿ ತುಂಬುವುದು ಮಾತ್ರ ನನ್ನ ಕೆಲಸ ಅಲ್ಲ. ಅದು ನಿಮ್ಮದು. ಅಂಗಡಿಯ ಗದ್ದಲದಲ್ಲಿ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಮನೆಯಲ್ಲಿ ಪಿಯುಸಿ ಓದುವವರಿದ್ದರೆ ಪೂರ್ತಿ ಓದಿ. ಒಂಬತ್ತು, ಹತ್ತನೇ ಕ್ಲಾಸಿನವರಿದ್ದರೆ ಇನ್ನೂ ಒಳ್ಳೆಯದು, ನಿಮಗೆ ಟೈಮಿದೆ.

ಪ್ರತಿ ವರ್ಷ ಆಗುವುದು ಏನು ಗೊತ್ತಾ? ಆಪ್ಷನ್ ಎಂಟ್ರಿಗೆ ಕೊನೆಯ ದಿನ, ಸಂಜೆ ಹೊತ್ತು, ಅಪ್ಪ ಮಗಳು ಬರುತ್ತಾರೆ. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಫೈಲು. "ಅಣ್ಣ, ಇವಳ ರ‍್ಯಾಂಕಿಗೆ ಯಾವ್ದು ಒಳ್ಳೇದು ಬರುತ್ತೋ ನೀವೇ ನೋಡಿ ಹಾಕ್ಬಿಡಿ." ಏನಮ್ಮ ಓದ್ತೀಯ ಅಂತ ಕೇಳಿದರೆ ಹುಡುಗಿ ಅಪ್ಪನ ಮುಖ ನೋಡುತ್ತಾಳೆ. ಹಿಂದೆ ಆರೇಳು ಜನ ಕಾಯುತ್ತಿರುತ್ತಾರೆ. ಸರ್ವರ್ ಬೇರೆ ನಿಧಾನ. ಇಂಥ ಹೊತ್ತಲ್ಲಿ ಸೈಬರ್‌ನವರು ಏನು ಮಾಡುತ್ತಾರೆ ಹೇಳಿ? ಆಗಷ್ಟೇ ಎದ್ದು ಹೋದ ಹುಡುಗನಿಗೆ ಹಾಕಿದ ಪಟ್ಟಿಯನ್ನೇ ಹೆಚ್ಚು ಕಮ್ಮಿ ಇವಳಿಗೂ ಹಾಕಿ ಕಳಿಸುತ್ತಾರೆ. ಅವನಿಗೆ ಕಂಪ್ಯೂಟರ್ ಸೈನ್ಸ್ ಬೇಕಿತ್ತು, ಇವಳಿಗೆ ಬೇಕಾಗಿದ್ದು ಏನು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಕಸುಬಿನವರನ್ನು ಬೈಯುತ್ತಿಲ್ಲ. ನಮಗೆ ಬೇಗ ಟೈಪ್ ಮಾಡೋಕೆ ಬರುತ್ತದೆ, ವೆಬ್‌ಸೈಟಿನಲ್ಲಿ ಯಾವ ಬಟನ್ ಎಲ್ಲಿದೆ ಗೊತ್ತು, ಅಷ್ಟೇ. ಅದನ್ನೇ ಜನ ಬುದ್ಧಿವಂತಿಕೆ ಅಂದುಕೊಂಡು ಮಕ್ಕಳ ನಾಲ್ಕು ವರ್ಷ ನಮ್ಮ ಕೈಗೆ ಕೊಟ್ಟು ಟೀ ಕುಡಿಯೋಕೆ ಹೋಗುತ್ತಾರೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಇದು ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ ಅಂದರೆ ಕೆಲವು ಲೆಕ್ಚರರ್‌ಗಳೂ ಇದನ್ನೇ ಹೇಳಿ ಕಳಿಸುತ್ತಾರೆ. "ದೊಡ್ಡ ಕಾಲೇಜು ಮೊದಲು ಹಾಕಿದರೆ ಅದೂ ಸಿಗಲ್ಲ, ಚಿಕ್ಕದೂ ಕೈ ತಪ್ಪುತ್ತೆ, ಅದಕ್ಕೆ ಸಿಗೋದನ್ನೇ ಮೇಲೆ ಹಾಕಿ." ಶುದ್ಧ ಸುಳ್ಳು. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ಮಾಡುವುದು ಇಷ್ಟೇ: ಎಲ್ಲರನ್ನೂ ರ‍್ಯಾಂಕ್ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೊದಲನೇ ಆಪ್ಷನ್ ನೋಡುತ್ತದೆ. ಅಲ್ಲಿ ನಿಮಗೆ ಸಲ್ಲುವ ಸೀಟು ಉಳಿದಿದ್ದರೆ ಅದು ನಿಮ್ಮದು. ಇಲ್ಲ ಅಂದರೆ ಎರಡನೆಯದು. ಅದೂ ಇಲ್ಲ ಅಂದರೆ ಮೂರನೆಯದು. ನಿಮ್ಮ ಪಟ್ಟಿ ಪೂರ್ತಿ ಜಾಲಾಡಿದ ಮೇಲೇ ನಿಮ್ಮ ಹಿಂದಿನ ರ‍್ಯಾಂಕಿನವನ ಪಟ್ಟಿಗೆ ಕೈ ಹಾಕುತ್ತದೆ. ಅಂದರೆ ಮೇಲಿನ ಹತ್ತು ಸಾಲಿನಲ್ಲಿ ನಿಮಗೆ ಸಿಗದೇ ಇರುವ ಕಾಲೇಜು ಬರೆದರೂ ಹನ್ನೊಂದನೆಯದು ಒಂಚೂರೂ ಅಲುಗಾಡುವುದಿಲ್ಲ.

ನಷ್ಟ ಆಗುವುದು ಉಲ್ಟಾ ಮಾಡಿದಾಗ. ಸುಲಭವಾಗಿ ಸಿಗುವುದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಅದರ ಕೆಳಗೆ ಬರೆದದ್ದು ಅಲ್ಲಿಗೇ ಸತ್ತ ಹಾಗೆ. ಸೀಟು ಹಂಚಿಕೆಯ ಮುಂದಿನ ರೌಂಡಿನಲ್ಲೂ ಅಷ್ಟೇ. ಹನ್ನೆರಡನೇ ಆಪ್ಷನ್ ಸಿಕ್ಕಿದ್ದರೆ ಆಮೇಲೆ ನೋಡುವುದು ಮೇಲಿನ ಹನ್ನೊಂದನ್ನು ಮಾತ್ರ. ಒಬ್ಬ ಹುಡುಗ ಮನೆಗೆ ಹತ್ತಿರ ಅಂತ ಒಂದು ಕಾಲೇಜನ್ನು ಎರಡನೇ ನಂಬರಿಗೆ ಹಾಕಿದ್ದ. ಏಳನೇ ನಂಬರಿನಲ್ಲಿ ಸರ್ಕಾರಿ ಕಾಲೇಜು ಇತ್ತು, ಅವನ ರ‍್ಯಾಂಕಿಗೆ ಅದೂ ಆರಾಮಾಗಿ ಬರುತ್ತಿತ್ತು. ಸೀಟು ಅನೌನ್ಸ್ ಆದ ಮೇಲೆ ಅವರಪ್ಪ ಬಂದು "ಅದನ್ನ ಕೊಡ್ಸಿ ಸಾರ್, ಫೀಸ್ ಕಮ್ಮಿ" ಅಂದರು. ಎಲ್ಲಿಂದ ಕೊಡಿಸೋದು?

ಆದ್ದರಿಂದ ಪಟ್ಟಿಯನ್ನು ಆಸೆಯ ಕ್ರಮದಲ್ಲಿ ಬರೆಯಿರಿ, ಅಂದಾಜಿನ ಕ್ರಮದಲ್ಲಿ ಅಲ್ಲ. ಯಾವುದೂ ಕೈ ತಪ್ಪದೆ ಎಲ್ಲವೂ ಸಿಗುತ್ತದೆ ಅಂದರೆ ಯಾವುದಕ್ಕೆ ಹೋಗುತ್ತೀರಿ? ಅದು ಒಂದನೇ ನಂಬರು. ಅದು ಇಲ್ಲ ಅಂದರೆ? ಅದು ಎರಡು. ಬೆಂಗಳೂರಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜು ಇದೆಯಲ್ಲ, 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದದ್ದು, ಈಗ ಅದೇ ಒಂದು ವಿಶ್ವವಿದ್ಯಾಲಯ ಆಗಿದೆ. ಸರ್ಕಾರಿ ಕಾಲೇಜು, ಖಾಸಗಿಯವಕ್ಕೆ ಹೋಲಿಸಿದರೆ ಫೀಸು ಎಷ್ಟೋ ಕಮ್ಮಿ. ನಮ್ಮ ಕಡೆ ಮಕ್ಕಳಿಗೆ ಅದನ್ನು ಹಾಕು ಅಂದರೆ "ಅಯ್ಯೋ ಅಲ್ಲೆಲ್ಲ ನಮಗೆಲ್ಲಿ ಸಿಗುತ್ತೆ ಅಂಕಲ್" ಅನ್ನುತ್ತಾರೆ. ಸಿಗದಿದ್ದರೆ ಹೋಗಲಿ ಬಿಡಪ್ಪ, ಒಂದು ಸಾಲು ಬರೆಯೋಕೆ ಕಾಸು ಕೇಳುತ್ತಾರಾ? ಕೆಳಗಡೆಯೂ ಹಾಗೇ, ನಿಮ್ಮ ರ‍್ಯಾಂಕಿಗೆ ಖಂಡಿತ ಬರುವ ನಾಲ್ಕಾರು ಆಪ್ಷನ್ ಇರಲೇಬೇಕು. ಇಲ್ಲದಿದ್ದರೆ ರೌಂಡ್ ಮುಗಿದ ಮೇಲೆ ಖಾಲಿ ಕೈ. ಒಂದೇ ಎಚ್ಚರ: ಸತ್ತರೂ ಹೋಗಲ್ಲ ಅನ್ನುವ ಕಾಲೇಜನ್ನು ಪಟ್ಟಿ ಉದ್ದ ಕಾಣಲಿ ಅಂತ ಬರೆಯಬೇಡಿ. ಅದೇ ಸಿಗುತ್ತದೆ, ನೋಡ್ತಾ ಇರಿ.

ಇನ್ನು ಕಟ್‌ಆಫ್, ಅಂದರೆ ಒಂದು ಸೀಟು ಕೊನೆಗೆ ಯಾವ ರ‍್ಯಾಂಕಿನವರಿಗೆ ಸಿಕ್ಕಿತು ಅನ್ನುವುದು. ಯೂಟ್ಯೂಬ್‌ನಲ್ಲಿ ಯಾರೋ "ಈ ರ‍್ಯಾಂಕಿಗೆ ಈ ಕಾಲೇಜು" ಅಂತ ವಿಡಿಯೋ ಹಾಕಿದ್ದನ್ನು ನಂಬಿಕೊಂಡು ಬರುತ್ತಾರೆ. ಹಿಂದಿನ ವರ್ಷಗಳ ಕಟ್‌ಆಫ್ ಪೂರ್ತಿ ಪಿಡಿಎಫ್ ಕೆಇಎ ವೆಬ್‌ಸೈಟಿನಲ್ಲೇ ಬಿಟ್ಟಿ ಸಿಗುತ್ತದೆ. ತೆಗೆದರೆ ಮೊದಲಿಗೆ ತಲೆ ತಿರುಗುತ್ತದೆ, ನಿಜ. ಪ್ರತಿ ಕಾಲೇಜಿನ ಕೆಳಗೆ ಬ್ರಾಂಚುಗಳ ಸಾಲು, ಮೇಲೆ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್, 3ಬಿಜಿ, 3ಬಿಕೆ, 3ಬಿಆರ್ ಅಂತ ಕಾಲಂಗಳು. ಅಷ್ಟೇನೂ ಕಷ್ಟ ಇಲ್ಲ. ಮೊದಲ ಭಾಗ ನಿಮ್ಮ ಕೆಟಗರಿ; ಜಿಎಂ ಅಂದರೆ ಜನರಲ್ ಮೆರಿಟ್, ಎಲ್ಲರಿಗೂ ತೆರೆದದ್ದು. ಕೊನೆಯ ಅಕ್ಷರ ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮೀಡಿಯಂ, ಆರ್ ಅಂದರೆ ರೂರಲ್. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಎಚ್ ಅಂತ ಬೇರೆ ಇರುತ್ತದೆ, ಅದು ಸಂವಿಧಾನದ 371(ಜೆ) ವಿಧಿಯ ಕಲ್ಯಾಣ ಕರ್ನಾಟಕದ ಮೀಸಲಾತಿ. ಈಗ ನಿಮ್ಮ ಮಗಳು 3ಬಿ, ಒಂದರಿಂದ ಹತ್ತು ಹಳ್ಳಿಯಲ್ಲಿ ಓದಿದ್ದಾಳೆ ಅಂದುಕೊಳ್ಳಿ. ಅವಳು ನೋಡಬೇಕಾಗಿದ್ದು ಜಿಎಂ ಕಾಲಂ ಒಂದನ್ನೇ ಅಲ್ಲ. ಜಿಎಂ, ಜಿಎಂಆರ್, 3ಬಿಜಿ, 3ಬಿಆರ್, ಈ ನಾಲ್ಕೂ ಅವಳಿಗೆ ಬಾಗಿಲುಗಳೇ. ಜಿಎಂ ಕಾಲಂ ಒಂದನ್ನೇ ನೋಡಿ ನಮಗೆ ಬರಲ್ಲ ಅಂತ ಎದ್ದು ಹೋದವರನ್ನು ಎಷ್ಟು ಜನರನ್ನು ಕರೆದು ಕೂರಿಸಿದ್ದೇನೋ ಲೆಕ್ಕ ಇಲ್ಲ. ಇನ್ನೊಂದು ವಿಷಯ, ಮೊದಲ ರೌಂಡಿನದ್ದಷ್ಟೇ ನೋಡಬೇಡಿ, ಕೊನೆಯ ರೌಂಡಿನದ್ದೂ ನೋಡಿ. ಮೆಡಿಕಲ್ ಸಿಕ್ಕವರು, ಐಐಟಿ-ಎನ್‌ಐಟಿ ಸಿಕ್ಕವರು ಬಿಟ್ಟು ಹೋದ ಸೀಟುಗಳೆಲ್ಲ ಆಮೇಲೆ ಕೆಳಗೆ ಇಳಿದು ಬರುತ್ತವೆ.

ರ‍್ಯಾಂಕ್ ಬರುವುದು ಹೇಗೆ ಅನ್ನುವುದರಲ್ಲೂ ಒಂದು ಗೊಂದಲ ಇದೆ. ಪಿಯುಸಿ ಪಾಸಾದರೆ ಸಾಕು, ಸಿಇಟಿಯೇ ಮುಖ್ಯ ಅಂತ ಟ್ಯೂಶನ್‌ನವರು ಹೇಳುತ್ತಾರೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ 180 ಅಂಕದ್ದು ಅರ್ಧ, ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕದ್ದು ಇನ್ನರ್ಧ. ಸರಿಸಮ. ಬೋರ್ಡ್ ಪರೀಕ್ಷೆಯನ್ನು ಅಲಕ್ಷ್ಯ ಮಾಡಿದವರು ಅಲ್ಲೇ ಸಾವಿರಾರು ರ‍್ಯಾಂಕ್ ಹಿಂದೆ ಬೀಳುತ್ತಾರೆ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ, ಒಂದು ಪ್ರಶ್ನೆಯನ್ನೂ ಬಿಟ್ಟು ಬರಬೇಡಿ.

ಈಗ ಒಂಬತ್ತು-ಹತ್ತನೇ ಕ್ಲಾಸಿನವರಿಗೆ. ನಿಮಗೆ ಕಾಲೇಜು ಹುಡುಕುವ ಕೆಲಸ ಈಗಲೇ ಬೇಡ, ಕಾಗದ ಸರಿ ಮಾಡಿಕೊಳ್ಳುವ ಕೆಲಸ ಇದೆ. ಎಸ್‌ಎಸ್‌ಎಲ್‌ಸಿ ಅರ್ಜಿ ತುಂಬುವಾಗ ಶಾಲೆಯಲ್ಲಿ ಹೆಸರು ತೋರಿಸುತ್ತಾರೆ. ಆವಾಗ ಆಧಾರ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಇನಿಶಿಯಲ್ ಮುಂದೆ ಇದೆಯಾ ಹಿಂದೆ ಇದೆಯಾ, ಅಪ್ಪನ ಹೆಸರಿನಲ್ಲಿ 'ಅಪ್ಪ' ಇದೆಯಾ 'ಯ್ಯ' ಇದೆಯಾ, ಇವೇ ನಾಳೆ ನಿಮ್ಮನ್ನು ತಾಲ್ಲೂಕು ಆಫೀಸಿಗೆ ಅಲೆಸುವುದು. ಜಾತಿ, ಆದಾಯ ಸರ್ಟಿಫಿಕೇಟು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಮೇ-ಜೂನ್‌ನಲ್ಲಿ ಇಡೀ ತಾಲ್ಲೂಕೇ ಅಲ್ಲಿ ನಿಂತಿರುತ್ತದೆ, ಸರ್ವರ್ ಡೌನ್ ಅನ್ನುವ ಬೋರ್ಡೂ ಅವತ್ತೇ ಬೀಳುತ್ತದೆ.

ರೂರಲ್ ಮತ್ತು ಕನ್ನಡ ಮೀಡಿಯಂ ಸರ್ಟಿಫಿಕೇಟ್ ಬಗ್ಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಏಟು ತಿನ್ನುವವರು ಜಾಸ್ತಿ. ರೂರಲ್‌ಗೆ 15 ಪರ್ಸೆಂಟ್, ಕನ್ನಡ ಮೀಡಿಯಂಗೆ 5 ಪರ್ಸೆಂಟ್ ಸೀಟು. ಎರಡಕ್ಕೂ ಒಂದರಿಂದ ಹತ್ತನೇ ತರಗತಿ ಪೂರ್ತಿ ಲೆಕ್ಕ, ಒಂದು ವರ್ಷ ಕಮ್ಮಿಯಾದರೂ ಇಲ್ಲ. ನೋಡುವುದು ನಿಮ್ಮ ಮನೆ ಎಲ್ಲಿದೆ ಅಂತಲ್ಲ, ಶಾಲೆ ಎಲ್ಲಿದೆ ಅಂತ. ಹಳ್ಳಿಯಲ್ಲಿ ಹುಟ್ಟಿ ಹಳ್ಳಿಯಲ್ಲೇ ಬೆಳೆದು ಏಳನೇ ಕ್ಲಾಸಿನವರೆಗೆ ಅಲ್ಲೇ ಓದಿ, ಎಂಟಕ್ಕೆ ಒಳ್ಳೆ ಹೈಸ್ಕೂಲು ಅಂತ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಬಂದು ಹೋದ ಹುಡುಗಿಗೆ ರೂರಲ್ ಸಿಗುವುದಿಲ್ಲ, ಯಾಕೆಂದರೆ ಶಾಲೆ ನಗರಸಭೆ ವ್ಯಾಪ್ತಿಯಲ್ಲಿದೆ. ಇದು ನ್ಯಾಯವಾ ಅಂತ ಕೇಳಿದರೆ ನನ್ನ ಪ್ರಕಾರ ಅಲ್ಲ. ಆದರೆ ನಿಯಮ ಅದು. ಏಳನೇ ಕ್ಲಾಸ್ ಮುಗಿದು ಶಾಲೆ ಬದಲಾಯಿಸುವ ಹೊತ್ತಲ್ಲಿ ಅಪ್ಪ ಅಮ್ಮನಿಗೆ ಇದು ಯಾರೂ ಹೇಳುವುದಿಲ್ಲ. ಸರ್ಟಿಫಿಕೇಟಿಗೆ ಹೆಡ್‌ಮಾಸ್ಟರ್ ಸಹಿ, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಪ್ರೈಮರಿ ಒಂದು ಕಡೆ, ಹೈಸ್ಕೂಲ್ ಇನ್ನೊಂದು ಕಡೆ ಓದಿದ್ದರೆ ಎರಡೂ ಕಡೆಯಿಂದ ತರಬೇಕು. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ಟರ್ ಊರಲ್ಲಿ ಇರುವುದಿಲ್ಲ, ನೆನಪಿರಲಿ.

ಅಪ್ಲಿಕೇಶನ್ ತುಂಬುವಾಗಲೇ ಈ ಕ್ಲೇಮುಗಳಿಗೆ ಟಿಕ್ ಮಾಡಬೇಕು. ಅದರ ಜೊತೆ ಎಸ್‌ಎನ್‌ಕ್ಯೂ ಅಂತ ಒಂದು ಕೇಳುತ್ತಾರೆ. ಜನ ಅದು ಏನೋ ಅಂತ ಬಿಟ್ಟುಬಿಡುತ್ತಾರೆ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಅದಕ್ಕೆ ಹೌದು ಅನ್ನಿ. ಕಾಲೇಜಿನ ಮಂಜೂರಾದ ಸೀಟುಗಳ ಮೇಲೆ 5 ಪರ್ಸೆಂಟ್ ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ. ಒಂದು ಟಿಕ್ ಮರೆತರೆ ಎಷ್ಟು ದುಡ್ಡು ಹೋಗುತ್ತದೆ ನೋಡಿ. ಹಾಗೇ ಮೊಬೈಲ್ ನಂಬರು. ದಯವಿಟ್ಟು ಸೈಬರ್‌ನವರ ನಂಬರ್ ಕೊಡಬೇಡಿ, ಪಕ್ಕದ ಮನೆಯವರದ್ದೂ ಬೇಡ. ಪಾಸ್‌ವರ್ಡ್, ಒಟಿಪಿ, ಕೊನೆಯ ದಿನಾಂಕದ ಮೆಸೇಜು ಎಲ್ಲ ಬರುವುದು ಅದಕ್ಕೇ. ಅಪ್ಪನ ಹಳೇ ಕೀಪ್ಯಾಡ್ ಫೋನಿದ್ದರೂ ಸಾಕು, ರೀಚಾರ್ಜ್ ಮಾಡಿಸಿಟ್ಟಿರಿ.

ಸರಿ, ಪಟ್ಟಿಗೆ ಕಾಲೇಜು ಆರಿಸುವುದು ಹೇಗೆ? ಇಲ್ಲಿ ನನಗೆ ನಮ್ಮೂರಿನವರ ಮೇಲೆ ನಿಜಕ್ಕೂ ಆಶ್ಚರ್ಯ. ಎಪಿಎಂಸಿಯಲ್ಲಿ ಕೊಬ್ಬರಿ ಲಾಟ್ ಕೊಳ್ಳುವಾಗ ಚೀಲಕ್ಕೆ ಕೈ ಹಾಕಿ, ತಳದಿಂದ ಒಂದು ಗಿಟುಕು ತೆಗೆದು, ಒಡೆದು, ಮೂಸಿ ನೋಡುವ ಜನ ನಾವು. ಮಕ್ಕಳ ಕಾಲೇಜನ್ನು ಮಾತ್ರ ಹೈವೇ ಪಕ್ಕದ ಫ್ಲೆಕ್ಸ್ ನೋಡಿ ಆರಿಸುತ್ತೇವೆ. ಫ್ಲೆಕ್ಸ್‌ನಲ್ಲಿ ಪ್ಲೇಸ್‌ಮೆಂಟ್ ಆದವರ ಫೋಟೋ ಇರುತ್ತದೆ, ಆಗದವರದ್ದು ಯಾರೂ ಹಾಕುವುದಿಲ್ಲ. ಒಬ್ಬನಿಗೇ ಮೂರು ಕಂಪನಿ ಆಫರ್ ಬಂದಿದ್ದರೆ ಅದು ಮೂರು ಪ್ಲೇಸ್‌ಮೆಂಟ್ ಅಂತ ಲೆಕ್ಕ ಹಾಕುವವರೂ ಇದ್ದಾರೆ. ಹೋಗಿ ಕೇಳಬೇಕಾದ್ದು ಹೀಗೆ: ಕಳೆದ ವರ್ಷ ಈ ಬ್ರಾಂಚಿನಲ್ಲಿ ಫೈನಲ್ ಇಯರ್‌ನಲ್ಲಿ ಎಷ್ಟು ಜನ ಇದ್ದರು, ಅದರಲ್ಲಿ ಎಷ್ಟು ಜನರಿಗೆ ಕೆಲಸ ಆಯ್ತು, ಸಂಬಳದ ಮೀಡಿಯನ್ (ಎಲ್ಲರ ಸಂಬಳ ಸಾಲಾಗಿ ಇಟ್ಟರೆ ಸರಿ ನಡುವೆ ಬರುವುದು) ಎಷ್ಟು. ಅತಿ ದೊಡ್ಡ ಪ್ಯಾಕೇಜ್ ಎಷ್ಟು ಅಂತ ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ.

ಭಾನುವಾರ ಹೋಗಬೇಡಿ. ಅಡ್ಮಿಶನ್ ಮೇಳದ ದಿನವೂ ಬೇಡ. ಒಂದು ಸಾಧಾರಣ ಮಂಗಳವಾರವೋ ಬುಧವಾರವೋ ರೈಲು ಹತ್ತಿ ಹೋಗಿ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ನಿಲ್ಲಿ. ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಲ್ಯಾಬ್ ನಿಜವಾಗಿ ನಡೆಯುತ್ತಾ, ಲೆಕ್ಚರರ್‌ಗಳು ವರ್ಷ ವರ್ಷ ಬದಲಾಗುತ್ತಾರಾ, ಹಾಸ್ಟೆಲ್ ಊಟ ಹೇಗೆ, ಅಡ್ಮಿಶನ್ ಆದ ಮೇಲೆ ಬೇರೆ ಬೇರೆ ಹೆಸರಲ್ಲಿ ದುಡ್ಡು ಕೇಳ್ತಾರಾ. ಈ ಕೊನೆಯ ಪ್ರಶ್ನೆ ಮುಖ್ಯ. ಕೆಇಎಗೆ ಫೀಸ್ ಕಟ್ಟಿ ಅಡ್ಮಿಶನ್ ಆರ್ಡರ್ ತಗೊಂಡು ಖುಷಿಯಾಗಿ ಹೋದವರಿಗೆ ಕಾಲೇಜಿನ ಕೌಂಟರಿನಲ್ಲಿ ಸ್ಕಿಲ್ ಟ್ರೈನಿಂಗ್ ಫೀಸು, ಆ ಫೀಸು ಈ ಫೀಸು ಅಂತ ಇನ್ನೊಂದು ದೊಡ್ಡ ಮೊತ್ತ ತೋರಿಸಿದ ಕಥೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿಕೊಂಡವರಿದ್ದಾರೆ. ಕಾಲೇಜಿನ ಹೆಸರು ಬೇಡ. ದುಡ್ಡು ಕೊಟ್ಟ ಪ್ರತಿ ಸಲ ರಸೀದಿ ಕೇಳಿ, ಯಾವ ಲೆಕ್ಕಕ್ಕೆ ಅಂತ ಅದರಲ್ಲಿ ಬರೆದಿರಲಿ.

ಕಾಲೇಜಿನ ಗುಣಮಟ್ಟ ಅಳೆದು ಕೊಡುವ ನ್ಯಾಕ್ ಗ್ರೇಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಇಡೀ ಸಂಸ್ಥೆಗೆ ಕೊಡುವುದು. ಎನ್‌ಬಿಎ ಅಂತ ಇನ್ನೊಂದಿದೆ, ಅದು ಒಂದೊಂದು ಕೋರ್ಸಿಗೂ ಬೇರೆ ಬೇರೆ. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ ನೀವು ಸೇರುವ ಬ್ರಾಂಚಿಗೆ ಇದೆಯಾ ಅಂತ ಕೇಳಿ. ಹೊಸದಾಗಿ ಶುರು ಮಾಡಿದ ಬ್ರಾಂಚಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಬ್ರಾಂಚ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. ಅದು ಸಿಗದಿದ್ದರೆ ಎಐ-ಎಂಎಲ್, ಡೇಟಾ ಸೈನ್ಸ್, ಹೆಸರಲ್ಲಿ ಕಂಪ್ಯೂಟರ್ ಇದ್ದರೆ ಸಾಕು. ಲ್ಯಾಬು ನೆಟ್ಟಗಿಲ್ಲದ, ಪಾಠ ಮಾಡುವವರು ನಿಲ್ಲದ ಕಾಲೇಜಿನಲ್ಲಿ ಅದನ್ನು ಓದುವುದಕ್ಕಿಂತ ಒಳ್ಳೆಯ ಸರ್ಕಾರಿ ಅಥವಾ ಹಳೇ ಅನುದಾನಿತ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ಲೋ ಮೆಕ್ಯಾನಿಕಲ್ಲೋ ಓದುವುದು ಮೇಲು ಅಂತ ನಾನು ಹೇಳುತ್ತೇನೆ. ಜೊತೆಗೆ ಓದುವ ಹುಡುಗರು ಎಂಥವರು ಅನ್ನುವುದು ಸಿಲಬಸ್‌ಗಿಂತ ದೊಡ್ಡದು. ಒಪ್ಪದಿದ್ದರೆ ಕಾಮೆಂಟಿನಲ್ಲಿ ಬೈಯಿರಿ, ಪರವಾಗಿಲ್ಲ.

ಸೈನ್ಸ್ ತಗೊಂಡ ಮಾತ್ರಕ್ಕೆ ಇಂಜಿನಿಯರಿಂಗೇ ಅಂತ ಯಾರು ಹೇಳಿದರು? ನಮ್ಮ ಕಡೆ ಅರ್ಧ ಮಕ್ಕಳು ತೋಟದ ಮನೆಯವರು. ಬಿಎಸ್ಸಿ ಕೃಷಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ಬೀಜ ತೋರಿಸುತ್ತಾರೆ, ಗೊಬ್ಬರ ತೋರಿಸುತ್ತಾರೆ, ಉಳುಮೆಯ ಸಾಮಾನು ತೋರಿಸುತ್ತಾರೆ, ಏನು ಅಂತ ಬರೆಯಬೇಕು. ಹುರುಳಿ ಯಾವುದು, ಅಲಸಂದೆ ಯಾವುದು ಅಂತ ಕಣ್ಣು ಮುಚ್ಚಿ ಹೇಳುವ ಹುಡುಗ ಆ ಅರ್ಜಿಯನ್ನೇ ಹಾಕಿರುವುದಿಲ್ಲ, ಬೆಂಗಳೂರಲ್ಲಿ ಎಐ ಓದುತ್ತೇನೆ ಅಂತ ಕೂತಿರುತ್ತಾನೆ. ವೆಟರ್ನರಿ ಇದೆ, ತೋಟಗಾರಿಕೆ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ-ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವುದನ್ನು ಕಲಿಸುವ ಡಿಗ್ರಿ ಇದೆ, ಕೇಂದ್ರ ಸರ್ಕಾರದ ಸಂಸ್ಥೆ, ನಮ್ಮ ತಾಲ್ಲೂಕಿನಲ್ಲಿ ಅದರ ಹೆಸರು ಕೇಳಿದವರೇ ಕಮ್ಮಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಕೈಕೆಲಸದಲ್ಲಿ ಆಸಕ್ತಿ ಇದ್ದರೆ ಪಾಲಿಟೆಕ್ನಿಕ್, ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ನೋಡಿ. ಡಿಪ್ಲೊಮಾ ಮಾಡಿ ಅವರಿಗೇ ಇರುವ ಸಿಇಟಿಯಾದ ಡಿಸಿಇಟಿ ಬರೆದರೆ ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಬಿಎ, ಬಿಕಾಂ, ಬಿಎಸ್ಸಿಗೆ ಸರ್ಕಾರಿ ಡಿಗ್ರಿ ಕಾಲೇಜು ಇದ್ದೇ ಇದೆ, ಈಗ ಮತ್ತೆ ಮೂರು ವರ್ಷದ್ದೇ ಆಗಿದೆ. ಅದರ ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ.

ದುಡ್ಡಿಲ್ಲ ಅಂತ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವವರಿಗೆ ಒಂದು ಮಾತು. ಹಿಂದುಳಿದ ವರ್ಗದವರ ಹಾಸ್ಟೆಲ್ ಇದೆ, ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಊಟ-ವಸತಿಗೆ ದುಡ್ಡು ಕೊಡುತ್ತಾರೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಕೊಳ್ಳಿ. ಅದು ಆಗಿರದೆ ದುಡ್ಡು ನಿಂತುಹೋಗುವುದು ಸಾಮಾನ್ಯ.

ರಿಸಲ್ಟ್ ಬಂದ ಮರುದಿನದಿಂದ ಫೋನುಗಳು ಶುರುವಾಗುತ್ತವೆ. "ಮ್ಯಾನೇಜ್‌ಮೆಂಟ್ ಸೀಟು ಮೂರೇ ಉಳಿದಿದೆ, ಇವತ್ತೇ ಅಡ್ವಾನ್ಸ್ ಹಾಕಿ." ನಿಮ್ಮ ನಂಬರ್ ಅವರಿಗೆ ಹೇಗೆ ಸಿಕ್ಕಿತು ಅಂತ ಕೇಳಿ, ಫೋನ್ ಇಡುತ್ತಾರೆ. ಅಪ್ಪಂದಿರು ಹೆದರಿ ತೋಟದ ಮೇಲೆ ಸಾಲ ತೆಗೆಯುವುದು ಇಂಥ ಫೋನಿಗೇ. ಕೆಇಎ ರೌಂಡು ಶುರುವೇ ಆಗಿರುವುದಿಲ್ಲ.

ಮಾಕ್ ಅಲಾಟ್‌ಮೆಂಟ್ ಬಂದಾಗ ಅದನ್ನೇ ಸೀಟು ಅಂದುಕೊಂಡು ಸ್ವೀಟು ಹಂಚಬೇಡಿ. ಅದು ತಾಲೀಮು. ಅದನ್ನು ನೋಡಿ ಪಟ್ಟಿಯ ಕ್ರಮ ಬದಲಾಯಿಸಲು ಅವಕಾಶ ಕೊಡುತ್ತಾರೆ, ಬಳಸಿಕೊಳ್ಳಿ. ನಿಜವಾದ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದು, ನನಗಿದೇ ಸಾಕು, ಸೇರುತ್ತೇನೆ. ಎರಡು, ಇದು ಇರಲಿ, ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಮೂರು, ಇದು ಬೇಡ, ಮುಂದಿನ ರೌಂಡಿಗೆ ಕಾಯುತ್ತೇನೆ. ನಾಲ್ಕು, ಈ ಸಹವಾಸವೇ ಬೇಡ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಮೂರು ಒತ್ತಿದವರು ಕೈಯಲ್ಲಿದ್ದ ಸೀಟನ್ನೂ ಬಿಟ್ಟುಕೊಟ್ಟ ಹಾಗೆ, ಮುಂದಿನ ರೌಂಡಿನಲ್ಲಿ ಏನೂ ಸಿಗದೇ ಇರಬಹುದು. ಎರಡರಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗೇ ಹೋಗುತ್ತದೆ, ಆಮೇಲೆ ಅದೇ ಚೆನ್ನಾಗಿತ್ತು ಅನ್ನುವ ಹಾಗಿಲ್ಲ. ಚಾಯ್ಸ್ 2ಕ್ಕೆ ಫೀಸು ಎಷ್ಟು, ಯಾವಾಗ ಕಟ್ಟಬೇಕು ಅನ್ನುವುದು ಆಯಾ ವರ್ಷದ ಸೂಚನೆಯಲ್ಲಿರುತ್ತದೆ, ಹೋದ ವರ್ಷ ಅಕ್ಕನಿಗೆ ಹೀಗಿತ್ತು ಅಂತ ನಂಬಬೇಡಿ.

ಈ ಸಲ ನನ್ನ ಅಂಗಡಿಗೆ ಆಪ್ಷನ್ ಎಂಟ್ರಿಗೆ ಬರುವವರು ಒಂದು ನೋಟ್‌ಬುಕ್ಕಿನಲ್ಲಿ ಕಾಲೇಜಿನ ಹೆಸರು, ಬ್ರಾಂಚ್, ನಂಬರ್ ಹಾಕಿ ಬರೆದುಕೊಂಡು ಬನ್ನಿ, ಓದುವವರ ಕೈಬರಹದಲ್ಲೇ ಇರಲಿ. ಅದನ್ನು ನೋಡಿಕೊಂಡು ಟೈಪ್ ಮಾಡಿ ಪ್ರಿಂಟ್ ಕೊಡುತ್ತೇನೆ, ನೀವು ಸಾಲು ಸಾಲು ತಾಳೆ ನೋಡಿ ಆಮೇಲೇ ಸೇವ್ ಮಾಡೋಣ. ಪಟ್ಟಿ ಇಲ್ಲದೆ ಬಂದವರಿಗೆ ಕಟ್‌ಆಫ್ ಪಿಡಿಎಫ್ ವಾಟ್ಸಾಪ್‌ಗೆ ಹಾಕಿ ವಾಪಸ್ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ. ಕೊನೆಯ ದಿನ ಸಂಜೆ ಆರರ ಮೇಲೆ ಹೊಸಬರನ್ನು ತಗೊಳ್ಳುವುದಿಲ್ಲ.